ಅವನ ಬ್ರೇಕು, ನನ್ನ ಬ್ರೇಕು

ಆಗಸ್ಟ್ ೩, ೨೦೨೫

ತಮ್ಮ ಶೋಧನ್‌ನ ಬೈಕಿನ ಬಗ್ಗೆ ಕಂಪನಿಯಿಂದ ಮೆಸೇಜು ಬಂದಿದೆ. ಆದಿತ್ಯವಾರದ ಊಟಕ್ಕೆ ಕೂತಿದ್ದಾಗ ಮೊಬೈಲ್ ನೋಡಿ ಗಟ್ಟಿಯಾಗಿ ಓದಿದ. ಮುಂದಿನ ಬ್ರೇಕಿನ ಒಳಗೆ ಹಾಕಿದ ಒಂದು ರಬ್ಬರ್ ಸೀಲ್ ಸರಿ ಇಲ್ಲವಂತೆ. ಲಿವರ್ ಒತ್ತಿದರೆ ಒಮ್ಮೊಮ್ಮೆ ಹಿಡಿತ ಸಿಗದೆ ಪೂರಾ ಒಳಗೆ ಹೋಗಬಹುದಂತೆ. ಬಂಟ್ವಾಳದ ಶೋರೂಮಿಗೆ ತಂದರೆ ದುಡ್ಡು ತೆಗೆದುಕೊಳ್ಳದೆ ಬದಲಾಯಿಸಿ ಕೊಡುತ್ತಾರಂತೆ. ಇದಕ್ಕೆ ರೀಕಾಲ್ ಎಂದು ಹೆಸರು.

ಬಂಗುಡೆ ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ನಿಂತರು. "ಇಷ್ಟು ಸಮಯ ಅದರಲ್ಲೇ ಮೂಡುಬಿದಿರೆಗೆ ಹೋಗಿ ಬಂದೆಯಲ್ಲ ಮಗಾ. ಏನಾದರೂ ಆಗಿದ್ದರೆ?" ಎಂದರು. ಕಣ್ಣಲ್ಲಿ ನೀರೂ ಬಂತು. ಪಾತ್ರೆಯಲ್ಲಿ ಉಳಿದಿದ್ದ ದೊಡ್ಡ ಮೀನು ಅವನ ತಟ್ಟೆಗೆ ಹೋಯಿತು.

ಅವನಿಗೆ ಏನೂ ಆಗಿಲ್ಲ. ಆದದ್ದು ನನಗೆ.

ಕಳೆದ ವರ್ಷ ಒಂದೇ ದಿನ, ಒಂದೇ ಮಾದರಿಯ ಎರಡು ಬೈಕು ಈ ಅಂಗಳಕ್ಕೆ ಬಂದವು. ಅವನದು ಕಪ್ಪು, ನನ್ನದು ಕೆಂಪು. ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತರುವವಳು ನಾನು. ಬೆಳ್ತಂಗಡಿಯ ಒಳಗಿನ ರಸ್ತೆಗಳಿಗೆ ಸ್ಕೂಟರಿನ ಸಣ್ಣ ಚಕ್ರ ಆಗುವುದಿಲ್ಲ ಎಂದು ಹಟ ಹಿಡಿದು ಬೈಕು ತೆಗೆದೆ. ಜೂನ್ ತಿಂಗಳಲ್ಲಿ ಲಾಯಿಲದ ತಿರುವಿನಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲಿ, ಲಿವರ್ ಹೀಗೆಯೇ ಒಳಗೆ ಹೋಗಿ ಬಿದ್ದೆ. ಸ್ಯಾಂಪಲ್ ಪೆಟ್ಟಿಗೆ ತೆರೆದುಕೊಂಡು ಟ್ಯೂಬುಗಳು ಒಡೆದು ರಸ್ತೆಯೆಲ್ಲ ಕೆಂಪಾಯಿತು. ಓಡಿ ಬಂದವರು ಅದೆಲ್ಲ ನನ್ನದೇ ರಕ್ತ ಎಂದು ಹೆದರಿದರು. ನನ್ನ ಮೊಣಕಾಲಿನಿಂದ ಬಂದದ್ದು ಸ್ವಲ್ಪವೇ. ಮರುದಿನ ಕುಂಟುತ್ತಾ ಅದೇ ಮನೆಗಳಿಗೆ ಹೋಗಿ, ಅದೇ ಮುದುಕರ ಕೈಗೆ ಇನ್ನೊಮ್ಮೆ ಸೂಜಿ ಚುಚ್ಚಿದೆ.

ಬ್ರೇಕು ಹಿಡಿಯಲಿಲ್ಲ ಎಂದು ಎಷ್ಟು ಹೇಳಿದರೂ ಅಮ್ಮ ಹೇಳಿದ್ದು ಒಂದೇ ಮಾತು. "ಹೆಣ್ಣುಮಕ್ಕಳಿಗೆ ಸ್ಕೂಟರ್ ಸಾಕು ಅಂತ ನಾನು ಆಗಲೇ ಹೇಳಿದ್ದೆ."

ನಾನು ಬಿದ್ದದ್ದು ನನ್ನ ತಪ್ಪಿನಿಂದ. ಅವನು ಬೀಳದೆ ಇದ್ದರೂ ಅದು ಕಂಪನಿಯ ತಪ್ಪು.

ಆಗಸ್ಟ್ ೫

ಶೋರೂಮಿಗೆ ಫೋನ್ ಮಾಡಿದೆ. ಸರ್ವಿಸಿನ ರಮೀಝ್ ಎತ್ತಿದ. ಜೂನ್‌ನಲ್ಲಿ ಬೈಕು ತೋರಿಸಲು ಹೋದಾಗಲೂ ಇವನೇ ಇದ್ದದ್ದು. "ಲಿವರ್ ಅಡ್ಜಸ್ಟ್ ಮಾಡಿದ್ದೇವೆ ಮೇಡಂ, ನಿಮ್ಮ ಕೈಗೆ ಸ್ವಲ್ಪ ದೂರ ಆಗ್ತಿತ್ತು ಕಾಣ್ತದೆ" ಎಂದು ನಯವಾಗಿ ಕಳಿಸಿದ್ದ.

ಇವತ್ತು ಕೇಳಿದ, "ನಿಮಗೆ ಮೆಸೇಜು ಬಂದಿದೆಯಾ ಮೇಡಂ?"

"ಇಲ್ಲ. ತಮ್ಮನಿಗೆ ಬಂದಿದೆ. ಎರಡೂ ಒಟ್ಟಿಗೆ ತೆಗೆದ ಬೈಕು."

"ಒಟ್ಟಿಗೆ ತೆಗೆದರೂ ಫ್ಯಾಕ್ಟರಿಯಿಂದ ಬೇರೆ ಬೇರೆ ದಿನ ಬಂದಿರ್ತದೆ. ಮೆಸೇಜು ಬರಲಿಲ್ಲ ಅಂದರೆ ನಿಮ್ಮದಕ್ಕೆ ತೊಂದರೆ ಇಲ್ಲ ಅಂತ ಅರ್ಥ. ನೀವು ಧೈರ್ಯವಾಗಿ ಓಡಿಸಿ."

ನನಗೆ ಧೈರ್ಯ ಕಡಿಮೆ ಎಂದು ಇವನಿಗೆ ಯಾರು ಹೇಳಿದರೋ. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅಂಗಳದಲ್ಲಿ ನಿಂತು ಎರಡೂ ಬೈಕುಗಳನ್ನು ನೋಡಿದೆ. ಕೆಟ್ಟದ್ದು ಅನ್ನಿಸಿಕೊಳ್ಳುವ ಭಾಗ್ಯವೂ ಅವನದಕ್ಕೇ.

ಆಗಸ್ಟ್ ೯

ಶೋಧನ್ ಮೂಡುಬಿದಿರೆಯ ಶಾಲೆಯ ವಾಲಿಬಾಲ್ ಕೋಚಿಂಗಿಗೆ ರಜೆ ಹಾಕಿ ಬಂಟ್ವಾಳಕ್ಕೆ ಹೋಗಿ ಬ್ರೇಕು ಸರಿ ಮಾಡಿಸಿಕೊಂಡು ಬಂದ. ಶೋರೂಮಿನವರು ಬೈಕನ್ನು ತೊಳೆದೂ ಕೊಟ್ಟಿದ್ದಾರೆ. ಕೂತಲ್ಲಿಗೆ ಕಾಫಿ ತಂದುಕೊಟ್ಟು ಮ್ಯಾನೇಜರ್ ಅಬ್ದುಲ್ ಸಮದ್ ಅವರೇ ಬಂದು ಮಾತಾಡಿದರಂತೆ.

ಅಮ್ಮ ಹೊರಗೆ ಬಂದು, ಬೈಕಿನ ಹ್ಯಾಂಡಲಿಗೆ ಒಂದು ಮೊಳ ಮಲ್ಲಿಗೆ ಸುತ್ತಿದರು. ನಾನು ಆಗ ತಾನೇ ಕೆಲಸ ಮುಗಿಸಿ ಬಂದು ಹೆಲ್ಮೆಟ್ ತೆಗೆಯುತ್ತಿದ್ದೆ. ಹೂ ಇನ್ನೂ ಉಳಿದಿತ್ತು. ಅಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋಗಿ ದೇವರ ಪಟಕ್ಕೆ ಹಾಕಿದರು.

ಆಗಸ್ಟ್ ೧೪

ಉಜಿರೆಯಲ್ಲಿ ಕಾಲೇಜು ಬಿಡುವ ಹೊತ್ತು. ಮಕ್ಕಳು ಗುಂಪಾಗಿ ರಸ್ತೆ ದಾಟುತ್ತಿದ್ದರು. ಲಿವರ್ ಒತ್ತಿದೆ. ಕೈಗೆ ಏನೂ ತಾಗಲಿಲ್ಲ, ನೀರಿನೊಳಗೆ ಬೆರಳು ಹಾಕಿದ ಹಾಗೆ. ಹಿಂದಿನ ಬ್ರೇಕು ತುಳಿದು, ಗೇರ್ ಇಳಿಸಿ, ಒಬ್ಬಳು ಹುಡುಗಿಯ ಬ್ಯಾಗಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತೆ. ಅವಳು ತಿರುಗಿ, "ನೋಡಿ ಬರ್ಲಿಕ್ಕಾಗುದಿಲ್ವಾ ಆಂಟಿ?" ಎಂದು ಕೇಳಿದಳು. ಎರಡು ಸಲ ಒತ್ತಿದ ಮೇಲೆ ಬ್ರೇಕು ಮೊದಲಿನ ಹಾಗೆ ಗಟ್ಟಿಯಾಯಿತು. ಯಾರಿಗೆ ತೋರಿಸಿದರೂ ಆಗ ಅದು ಸರಿಯಾಗಿಯೇ ಇರುತ್ತದೆ.

ಮನೆಗೆ ಬಂದು ಹೇಳಿದೆ. ಶೋಧನ್ ಹೊರಗೆ ಹೋಗಿ ನನ್ನ ಲಿವರ್ ಒತ್ತಿ ನೋಡಿ ಬಂದ. "ಸರಿ ಉಂಟಲ್ಲಾ ಅಕ್ಕ" ಎಂದ.

ಅಮ್ಮ ತರಕಾರಿ ಹೆಚ್ಚುತ್ತಾ ತಲೆ ಎತ್ತದೆ ಹೇಳಿದರು: "ಅವನಿಗೆ ಮೆಸೇಜು ಬಂತಲ್ಲ, ಅದನ್ನು ಕೇಳಿ ನಿನಗೂ ಹಾಗೇ ಅನ್ನಿಸ್ತಾ ಇರಬಹುದು."

ಊಟ ಮಾಡಲಿಲ್ಲ. ಯಾರೂ ಎರಡನೇ ಸಲ ಕರೆಯಲೂ ಇಲ್ಲ.

ಆಗಸ್ಟ್ ೧೮

ಅವನ ಮೇಲೆ ನನಗೆ ಕೋಪವಲ್ಲ. ಕೋಪ ಆಗಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು. ಅವನು ಮಾತಾಡಿದರೆ ಎದುರಿಗಿದ್ದವರು ನಂಬುತ್ತಾರೆ. ತಲೆನೋವು ಎಂದರೆ ಅಮ್ಮ ಹಣೆ ಮುಟ್ಟಿ ನೋಡುತ್ತಾರೆ. ನಾನು ತಲೆನೋವು ಎಂದರೆ ಮೊಬೈಲ್ ಕಡಿಮೆ ನೋಡು ಎನ್ನುತ್ತಾರೆ. ನಾನು ಹುಟ್ಟಿದ ಆರು ವರ್ಷದ ಮೇಲೆ ಹುಟ್ಟಿದವನು ಅವನು. ಅಪ್ಪ ತೀರಿಹೋದಾಗ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದವಳು ನಾನು. ಅದನ್ನು ಯಾರೂ ಮರೆತಿಲ್ಲ, ಆದರೆ ಯಾರೂ ಅದರ ಮಾತು ಎತ್ತುವುದೂ ಇಲ್ಲ.

ಇವತ್ತು ಅವನು ಬೈಕು ಒರೆಸುತ್ತಾ ಶಿಳ್ಳೆ ಹಾಕುತ್ತಿದ್ದ. ಆ ಶಿಳ್ಳೆ ಕೇಳಿಸದಿರಲೆಂದು ಮಿಕ್ಸಿ ಹಾಕಿದೆ. ಅದರಲ್ಲಿ ರುಬ್ಬಲು ಏನೂ ಇರಲಿಲ್ಲ.

ಆಗಸ್ಟ್ ೨೨

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಹೊರಡಬೇಕಿತ್ತು, ಖಾಲಿ ಹೊಟ್ಟೆಯ ಸ್ಯಾಂಪಲ್‌ಗಳಿದ್ದವು. ಬಾಗಿಲ ಪಕ್ಕದ ಮೊಳೆಯಲ್ಲಿ ಎರಡೂ ಕೀ ತೂಗಾಡುತ್ತಿದ್ದವು. ಕೈ ನನ್ನ ಕೀ ಕಡೆಗೇ ಹೋಗಿತ್ತು. ಒಂದು ದಿನ ಅವನೂ ನೋಡಲಿ ಅನ್ನಿಸಿತು. ಅವನ ಕೀ ತೆಗೆದುಕೊಂಡೆ, ಕಪ್ಪು ಬೈಕು ಸ್ಟಾರ್ಟ್ ಮಾಡಿದೆ, ಹೊರಟೆ. ಅವನಿಗೆ ಹೇಳಲಿಲ್ಲ.

ಅವನ ಬ್ರೇಕು ಎಷ್ಟು ಚೆನ್ನಾಗಿತ್ತೆಂದರೆ ಇಡೀ ದಾರಿ ನನಗೆ ಹೊಟ್ಟೆ ಉರಿಯಿತು. ಮುಟ್ಟಿದರೆ ಸಾಕು, ನಿಲ್ಲುತ್ತಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಲ್ಯಾಬಿಗೆ ಫೋನ್ ಬಂತು. ವೇಣೂರು ದಾಟಿದ ಮೇಲಿನ ಇಳಿಜಾರಿನಲ್ಲಿ, ಎದುರಿನ ಪಿಕಪ್ ನಿಂತದ್ದು ನೋಡಿ ಶೋಧನ್ ಬ್ರೇಕು ಹಿಡಿದಿದ್ದಾನೆ. ಹಿಡಿಯಲಿಲ್ಲ. ಪಿಕಪ್ಪಿಗೆ ಗುದ್ದುವುದನ್ನು ತಪ್ಪಿಸಲು ಬದಿಗೆ ತಿರುಗಿಸಿ ಚರಂಡಿಗೆ ಬಿದ್ದಿದ್ದಾನೆ. ಎಡ ಭುಜದ ಎಲುಬು ಮುರಿದಿದೆ. ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಿದ್ದಾರೆ.

ಅವನದೇ ಬೈಕಿನಲ್ಲಿ ಅಲ್ಲಿಗೆ ಹೋದೆ.

ಆಗಸ್ಟ್ ೨೩

ಆಪರೇಷನ್ ಆಯಿತು. ಎಲುಬಿಗೆ ಪ್ಲೇಟ್ ಹಾಕಿದ್ದಾರೆ. ಇನ್ನು ವಾಲಿಬಾಲ್ ಮೊದಲಿನ ಹಾಗೆ ಹೊಡೆಯಲು ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ಈಗಲೇ ಹೇಳಲಾಗದು ಎಂದರು.

ಅಮ್ಮ ಎಲ್ಲರ ಹತ್ತಿರ ಹೇಳುತ್ತಿದ್ದಾರೆ, "ಹಾಳು ಬೈಕು, ಬ್ರೇಕೇ ಹಿಡೀಲಿಲ್ಲ ಅಂತೆ." ನೋಡಲು ಬಂದವರೆಲ್ಲ ತಲೆಯಾಡಿಸುತ್ತಾರೆ. ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದ್ದೆ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಅವನ ವಾಲಿಬಾಲ್ ಮಕ್ಕಳು ಎಳನೀರಿನ ಬೊಂಡ ತಂದಿದ್ದರು. ಬಾಗಿಲಲ್ಲಿ ನಿಂತು ಅಳುತ್ತಿದ್ದರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅವನು ನೋವಿನಲ್ಲಿ ಮಲಗಿದ್ದಾಗಲೂ ನನಗೆ ಆ ಬೊಂಡಗಳ ಮೇಲೆ, ಆ ಅಳುವಿನ ಮೇಲೆ, ಅಮ್ಮ ಅವನ ಪಾದ ಹಿಡಿದು ಕೂತದ್ದರ ಮೇಲೆ ಕಣ್ಣಿತ್ತು. ಬೀಳುವಂತೆ ಮಾಡಿದವಳು ನಾನು. ಹಾಗಿದ್ದೂ ಹೊಟ್ಟೆಕಿಚ್ಚು ಬಿಡಲಿಲ್ಲ.

ಆಗಸ್ಟ್ ೨೪

ಅಮ್ಮ ಚಹಾಕ್ಕೆ ಕೆಳಗೆ ಹೋಗಿದ್ದಾಗ ಹೇಳಿಬಿಟ್ಟೆ. "ನಿನ್ನ ಕೀ ನಾನು ಬೇಕಂತಲೇ ತೆಗೆದುಕೊಂಡು ಹೋದದ್ದು."

"ಗೊತ್ತುಂಟು."

"ಗೊತ್ತಿದ್ದೂ ಕೆಂಪು ಬೈಕು ಯಾಕೆ ತೆಗೆದೆ? ಬಸ್ಸಿಗೆ ಹೋಗಬಹುದಿತ್ತಲ್ಲ."

ಅವನು ಸೀಲಿಂಗ್ ನೋಡುತ್ತಿದ್ದ. ಬಾಯಿ ಒಣಗಿತ್ತು, ಮಾತು ನಿಧಾನ. "ನೀನು ಸುಳ್ಳು ಹೇಳ್ತಿ ಅಂತ ನಾನು ಯಾವತ್ತೂ ಅಂದುಕೊಳ್ಳಲಿಲ್ಲ ಅಕ್ಕ. ಸ್ವಲ್ಪ ಜಾಸ್ತಿ ಮಾಡಿ ಹೇಳ್ತಿ ಅಂತ ಅಂದುಕೊಂಡಿದ್ದೆ. ಒತ್ತಿದೆ ನೋಡು, ಏನೂ ಇಲ್ಲ. ಗಾಳಿ. ಆಗ ನನಗೆ ಹೊಳೆದದ್ದು ಒಂದೇ. ಅಕ್ಕ ಹೇಳಿದ್ದು ಇದನ್ನೇ."

ಆಮೇಲೆ, "ಅಮ್ಮನಿಗೆ ಕೀ ವಿಷಯ ಹೇಳಬೇಡ. ಅವರಿಗೆ ಅದು ಬೇಡ" ಎಂದ.

ಅವನಿಗೆ ನೀರು ಕುಡಿಸಿದೆ. ಹೆಚ್ಚು ಮಾತಾಡಲು ಇಬ್ಬರಿಗೂ ಬರುವುದಿಲ್ಲ.

ಆಗಸ್ಟ್ ೨೯

ಜಜ್ಜಿಹೋದ ಕೆಂಪು ಬೈಕನ್ನು ಟೆಂಪೋದಲ್ಲಿ ಹಾಕಿ ಬಂಟ್ವಾಳಕ್ಕೆ ಕೊಂಡುಹೋದೆ. ರಮೀಝ್ ಕಂಪ್ಯೂಟರಿನಲ್ಲಿ ಚಾಸಿಸ್ ನಂಬರ್ ಹಾಕಿದ. ಮುಖ ಒಮ್ಮೆಲೇ ಬದಲಾಯಿತು.

"ಇದೂ ರೀಕಾಲ್‌ನಲ್ಲಿ ಉಂಟಲ್ಲ ಮೇಡಂ. ಮೆಸೇಜು ಹೋಗಿದೆ ಅಂತ ತೋರಿಸ್ತಾ ಉಂಟು."

"ಯಾರಿಗೆ ಹೋಗಿದೆ?"

ಅವನು ಓದಿದ ಫೋನ್ ನಂಬರು ಶೋಧನ್‌ನದು. ಎರಡೂ ಬೈಕು ಬುಕ್ ಮಾಡಲು ಬಂದವನು ಅವನೇ, ಇವರು ಎರಡಕ್ಕೂ ಅವನ ನಂಬರೇ ಬರೆದುಕೊಂಡಿದ್ದಾರೆ. ಆಗಸ್ಟ್ ಐದರಂದು ನಾನು ಫೋನ್ ಮಾಡಿದಾಗ ಇವನು ಚಾಸಿಸ್ ನಂಬರ್ ಒಮ್ಮೆ ಹಾಕಿ ನೋಡಿದ್ದರೆ ಸಾಕಿತ್ತು. ನಾನಾದರೂ ಬೈಕು ತಂದು ಎದುರು ನಿಲ್ಲಿಸಬಹುದಿತ್ತು.

ಅಬ್ದುಲ್ ಸಮದ್ ಬಂದರು. ವಯಸ್ಸಾದವರು, ಮೃದುವಾಗಿ ಮಾತಾಡುವವರು. "ಸೀಲ್ ನಾವು ಬದಲಾಯಿಸಿ ಕೊಡ್ತೇವೆ. ಆದರೆ ಬಿದ್ದು ಹಾಳಾದದ್ದಕ್ಕೆ ಕಂಪನಿ ಜವಾಬ್ದಾರಿ ಅಲ್ಲ ಮೇಡಂ. ಇಳಿಜಾರು ಬೇರೆ, ಸ್ವಲ್ಪ ಸ್ಪೀಡ್ ಇದ್ದಿರಬಹುದು" ಎಂದರು.

"ನನ್ನ ಎದುರಿಗೇ ಬಿಚ್ಚಿ" ಎಂದೆ.

"ಮೆಕ್ಯಾನಿಕ್ ಈಗ ಬ್ಯುಸಿ ಇದ್ದಾನೆ."

"ಕಾಯ್ತೇನೆ."

ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೊನೆಗೆ ಬಿಚ್ಚಿದರು. ಬ್ರೇಕಿನ ಎಣ್ಣೆ ಒತ್ತುವ ಭಾಗದೊಳಗಿನ ಸಣ್ಣ ರಬ್ಬರ್ ಬಳೆ ಉಬ್ಬಿ ಒಂದು ಬದಿ ಮಡಚಿಕೊಂಡಿತ್ತು. ಅಬ್ದುಲ್ ಸಮದ್ ಅದನ್ನು ಅಂಗೈಯಲ್ಲಿಟ್ಟು ನೋಡಿದರು. ನಾನು ಹೇಳಿದೆ, "ಜೂನ್‌ನಲ್ಲಿ ಇದೇ ಬೈಕು ತಂದು ಇದೇ ಮಾತು ಹೇಳಿದ್ದೆ. ನನ್ನ ಕೈ ಗಿಡ್ಡ ಅಂತ ಕಳಿಸಿದಿರಿ. ನಿಮಗೆ ಮಗಳು ಇದ್ದಾಳಾ?"

ಅವರು ರಮೀಝ್‌ನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಇದ್ದಾಳೆ. ಶಾಹಿದಾ ಅಂತ" ಎಂದರು. "ಈ ಸೀಲನ್ನು ನಾನು ಕಂಪನಿಗೆ ಕಳಿಸ್ತೇನೆ, ಜೂನ್ ತಿಂಗಳದ್ದೂ ಸೇರಿಸಿ ಬರೀತೇನೆ. ಬೈಕು ಪೂರಾ ರಿಪೇರಿ ಮಾಡಿಯೇ ಕೊಡುವ. ಕಂಪನಿ ಒಪ್ಪದಿದ್ದರೆ ಆಮೇಲೆ ನಾನು ನೋಡಿಕೊಳ್ತೇನೆ."

ಗೆದ್ದೆ ಅನ್ನಿಸಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಶೋಧನ್ ಗೊತ್ತಿದ್ದೇ ಮುಚ್ಚಿಟ್ಟನಾ? ನನ್ನ ಮೆಸೇಜು ನೋಡಿಯೂ ತನ್ನದನ್ನು ಮಾತ್ರ ಸರಿ ಮಾಡಿಸಿಕೊಂಡನಾ? ಬೆಳ್ತಂಗಡಿ ತಲುಪುವವರೆಗೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ.

ಮನೆಯಲ್ಲಿ ಅವನು ಕೈ ಜೋಲಿಯಲ್ಲಿ ಹಾಕಿಕೊಂಡು ಮಂಚದಲ್ಲಿ ಕೂತಿದ್ದ. ಕೇಳಿದೆ. "ಎರಡು ಬಂದಿತ್ತು ಅಕ್ಕ. ನೆನಪಿಸ್ಲಿಕ್ಕೆ ಇನ್ನೊಮ್ಮೆ ಕಳಿಸಿದ್ದಾರೆ ಅಂದುಕೊಂಡೆ. ಕೊನೆಯಲ್ಲಿದ್ದ ಚಾಸಿಸ್ ನಂಬರು ಓದ್ಲೇ ಇಲ್ಲ" ಎಂದ. ಮೊಬೈಲ್ ತೆಗೆದು ತೋರಿಸಲು ಹೊರಟ. ಒಂದೇ ಕೈ, ಜಾರಿ ಹೊದಿಕೆಗೆ ಬಿತ್ತು. ಬಗ್ಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. ನಾನೇ ಎತ್ತಿ ಪಕ್ಕಕ್ಕೆ ಇಟ್ಟೆ. ನೋಡಲಿಲ್ಲ. ಜೋಡಿಸಿದ ಮಾತುಗಳು ಎಲ್ಲಿ ಹೋದವೋ.

ಸೆಪ್ಟೆಂಬರ್ ೮

ಅಮ್ಮನಿಗೆ ಸೊಂಟನೋವು, ಶೋಧನ್‌ನ ಕೆಲಸವೆಲ್ಲ ನನ್ನ ಮೇಲೆ ಬಿದ್ದಿದೆ. ಅಂಗಿ ಹಾಕಿಸುವುದು, ಗಡ್ಡ ತೆಗೆಯುವುದು. ಇವತ್ತು ಕೆನ್ನೆಯಲ್ಲಿ ಸ್ವಲ್ಪ ಗಾಯ ಮಾಡಿದೆ. "ರಕ್ತ ತೆಗೆಯುವ ಅಭ್ಯಾಸ ಬಿಡುದಿಲ್ಲ ನೀನು" ಎಂದ.

ಶಾಲೆಯವರು ತಾತ್ಕಾಲಿಕವಾಗಿ ಬೇರೆ ಕೋಚ್ ಇಟ್ಟಿದ್ದಾರೆ, ಉಜ್ವಲ್ ಎಂದು. ಮಕ್ಕಳು ಅವನನ್ನು ತುಂಬ ಹಚ್ಚಿಕೊಂಡಿದ್ದಾರೆ ಎಂದು ಯಾರೋ ಫೋನಿನಲ್ಲಿ ಹೇಳಿದರಂತೆ. ಶೋಧನ್ ಮುಖ ಗೋಡೆಗೆ ತಿರುಗಿಸಿ ಮಲಗಿದ. ಆ ಮುಖ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತುಂಟು. ಸಂಜೆ ಅಂಗಳದಲ್ಲಿ ಕೂರಿಸಿ ಒಂದೇ ಕೈಯಲ್ಲಿ ಬಾಲ್ ಹಿಡಿಯುವಂತೆ ಎಸೆಯುತ್ತಾ ಕೂತೆ.

ಸೆಪ್ಟೆಂಬರ್ ೨೦

ಬೈಕು ಸಿಕ್ಕಿದೆ. ಅಬ್ದುಲ್ ಸಮದ್ ಹೇಳಿದ ಹಾಗೆಯೇ ಮಾಡಿದ್ದಾರೆ. ಮೆಸೇಜು ಕಳಿಸಿದರೂ ಬಾರದವರಿಗೆ ರಮೀಝ್‌ನನ್ನು ಕೂರಿಸಿ ಒಬ್ಬೊಬ್ಬರಿಗೇ ಫೋನ್ ಮಾಡಿಸುತ್ತಿದ್ದಾರಂತೆ.

ಲ್ಯಾಬಿನ ಕೆಲಸಕ್ಕೆ ಮಂಗಳೂರಿಗೆ ಹೋಗಿ ಬರುವಾಗ ಫರಂಗಿಪೇಟೆಯಲ್ಲಿ ಟ್ರಾಫಿಕ್ ನಿಂತಿತ್ತು. ಮುಂದೆ ನಮ್ಮದೇ ಮಾದರಿಯ ಬೈಕು. ಗಂಡ, ಹೆಂಡತಿ, ನಡುವೆ ಒಂದು ಮಗು. ಪಕ್ಕಕ್ಕೆ ಹೋಗಿ ಕೇಳಿದೆ, "ಬ್ರೇಕಿನ ರೀಕಾಲ್ ಮಾಡಿಸಿದ್ದೀರಾ?"

ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೆಸೇಜು ಏನೂ ಬರ್ಲಿಲ್ಲ. ನಮ್ಮದು ಸರಿ ಉಂಟು."

"ನನ್ನದೂ ಸರಿ ಉಂಟು ಅಂತಲೇ ಹೇಳಿದ್ದರು. ತಮ್ಮನ ಎಲುಬು ಮುರಿದಿದೆ."

ಹಿಂದೆ ಕೂತ ಹೆಂಗಸು ಮುಂದಕ್ಕೆ ಬಾಗಿದಳು. "ಲಿವರ್ ಒಮ್ಮೊಮ್ಮೆ ಪೂರಾ ಒಳಗೆ ಹೋಗುದಾ? ಅವತ್ತು ನಾನು ಓಡಿಸಿದಾಗ ಹಾಗೇ ಆಯ್ತು. ಹೇಳಿದ್ದಕ್ಕೆ ಇವರು ನಕ್ಕರು."

ಇಬ್ಬರನ್ನೂ ಬದಿಗೆ ನಿಲ್ಲಿಸಿ ಅಲ್ಲಿಂದಲೇ ರಮೀಝ್‌ಗೆ ಫೋನ್ ಮಾಡಿ ಚಾಸಿಸ್ ನಂಬರ್ ಓದಿದೆ. ಈ ಸಲ ಅವನು ಹಾಕಿ ನೋಡಿದ. ಆ ಬೈಕೂ ರೀಕಾಲ್‌ನದ್ದೇ. ಇನ್ನೊಬ್ಬರ ಕೈಯಿಂದ ತೆಗೆದ ಬೈಕಂತೆ, ಮೆಸೇಜು ಹಳೇ ಮಾಲೀಕನಿಗೆ ಹೋಗುತ್ತಿತ್ತು. ಗಂಡನ ಹೆಸರು ಬಾಸಿತ್, ಅವಳು ಫಾಹಿಮಾ. ಬಾಸಿತ್ ಬೈಕು ಅಲ್ಲೇ ಒಂದು ಅಂಗಡಿಯ ಎದುರು ನಿಲ್ಲಿಸಿ ಬೀಗ ಹಾಕಿದ. ಮಗುವನ್ನು ಎತ್ತಿಕೊಂಡು ಮೂವರೂ ಬಸ್ಸಿಗೆ ಹೋದರು. ಫಾಹಿಮಾ ಕಿಟಕಿಯಿಂದ ಕೈ ತೋರಿಸಿದಳು.

ಇದರಿಂದ ಮನೆಗೆ ಬರುವಾಗ ತಡವಾಯಿತು. ಶೋಧನ್‌ಗೆ ಮಾತ್ರೆ ಕೊಡುವ ಹೊತ್ತು ದಾಟಿತ್ತು, ಬೈಸಿಕೊಂಡೆ.

ಅಕ್ಟೋಬರ್ ೫

ವ್ಯಾಯಾಮ ಸುರುವಾಗಿದೆ. ಕೈ ಭುಜದ ಮಟ್ಟಕ್ಕೆ ಬರುತ್ತದೆ, ಅಲ್ಲಿಂದ ಮೇಲೆ ಏಳುವುದಿಲ್ಲ. ತಲೆ ತೊಳೆದುಕೊಳ್ಳಲು ಆಗುವುದಿಲ್ಲ ಎಂದು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ನಾನೇ ಶಾಂಪೂ ಹಾಕುತ್ತೇನೆ. ಇವತ್ತು ಆದಿತ್ಯವಾರ, ಬಿಸಿನೀರು ಕಾಯಿಸಿ ಕೂರಿಸಿದ್ದೆ.

ಆ ಹೊತ್ತಿಗೆ ಮುಂಡಪ್ಪ ಮಾವ ಬಂದರು. ಅಮ್ಮನ ಅಣ್ಣ, ಅವರ ಮಾತಿಗೆ ಅಮ್ಮ ಎದುರು ಹೇಳಿದ್ದನ್ನು ನಾನು ಕಂಡಿಲ್ಲ. ಒಳಗಿನ ಮಾತು ಹಿತ್ತಲಿಗೆ ಕೇಳಿಸುತ್ತಿತ್ತು. "ಆ ಕೆಂಪು ಬೈಕು ಮೊದಲು ಮಾರು. ಹೆಣ್ಣು ಮಗಳು ಎಲ್ಲೆಲ್ಲಿಗೋ ಓಡಿಸಿ ಹಾಳು ಮಾಡಿಟ್ಟದ್ದಕ್ಕೆ ಅಲ್ವಾ ಹುಡುಗನಿಗೆ ಈ ಗತಿ ಬಂದದ್ದು."

ಅಮ್ಮನ ಸ್ವರ ಕೇಳಿತು. "ಅವಳು ಹಾಳು ಮಾಡಿದ್ದಲ್ಲ ಅಣ್ಣ. ಅವಳು ಜೂನ್‌ನಲ್ಲೇ ಹೇಳಿದ್ದಳು. ಬಿದ್ದು ಬಂದು ಹೇಳಿದ್ದಳು. ನಂಬದೆ ಇದ್ದದ್ದು ನಾನು."

ಮಾವ ಏನೋ ಹೇಳಿದರು. ಅಮ್ಮ ಮತ್ತೇನೋ ಹೇಳಿದರು, ನನ್ನ ಹೆಸರು ಬಂದ ಹಾಗಾಯಿತು. ಅಷ್ಟರಲ್ಲಿ ಶೋಧನ್, "ಕಣ್ಣಿಗೆ ಹೋಯ್ತು ಅಕ್ಕ, ನೀರು ಹೊಯ್ಯಿ" ಎಂದು ಗಲಾಟೆ ಮಾಡಿದ. ನೀರು ಹೊಯ್ದೆ. ಆಮೇಲಿನದು ಕೇಳಿಸಲಿಲ್ಲ.

ಟವೆಲಿಗೆ ಅವನೇ ಎಡಗೈ ಚಾಚಿದ. ಕಿವಿಯ ತನಕ ಹೋಯಿತು. ನಿನ್ನೆ ಅಷ್ಟು ಹೋಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇನ್ನೊಮ್ಮೆ ಎತ್ತು ಎಂದೆ. ಎತ್ತಿದ.